ಒಂದೇ ಹೆಸರಿನ ಎರಡು ಸಾಲು

ಮೂವತ್ತು ವರ್ಷ ನಾನು ಹೊಟ್ಟೆಪಾಡಿಗೆ ಮಾಡಿದ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಒಬ್ಬನೇ ಗಿರಾಕಿಗೆ ಎರಡು ಕಾಗದ ಹೋಗದಂತೆ ನೋಡಿಕೊಳ್ಳುವುದು. ಸ್ಯಾನ್ ಮಟಿಯೋದ ಒಂದು ಆಫೀಸಿನಲ್ಲಿ ಕೂತು, ಲಕ್ಷಗಟ್ಟಲೆ ಜನರ ಹೆಸರು ವಿಳಾಸಗಳ ಪಟ್ಟಿಯಲ್ಲಿ ಎರಡೆರಡು ಸಲ ನುಸುಳಿಕೊಂಡವರನ್ನು ಹುಡುಕಿ ಒಂದು ಸಲಕ್ಕೆ ಇಳಿಸುತ್ತಿದ್ದೆ. ಅದಕ್ಕೆಂದೇ ಪ್ರೋಗ್ರಾಮು ಬರೆಯುತ್ತಿದ್ದೆ. ಕೇಳಿದವರಿಗೆ ಇದೆಂಥ ಕೆಲಸ ಅನ್ನಿಸೀತು. ನನಗೆ ಮಾತ್ರ ಅದರಲ್ಲಿ ಬಹಳ ಜಂಬವಿತ್ತು. ನನ್ನ ಕೈಯಿಂದ ಹೊರಬಿದ್ದ ಪಟ್ಟಿಯಲ್ಲಿ ಒಂದು ಹೆಸರು ಎರಡು ಸಲ ಇದೆ ಎಂದು ಯಾರೂ ಬೆರಳು ತೋರಿಸಿದ್ದಿಲ್ಲ.

ಮನೆಯಲ್ಲೂ ಅದೇ ಬುದ್ಧಿ. ಅಡುಗೆಮನೆಯಲ್ಲಿ ಎರಡು ಡಬ್ಬಿಯಲ್ಲಿ ಸಾಸಿವೆ ಕಂಡರೆ ಒಂದಕ್ಕೆ ಸುರಿದು ಇನ್ನೊಂದನ್ನು ತೊಳೆದಿಟ್ಟ ಮೇಲೆಯೇ ನನಗೆ ನೆಮ್ಮದಿ. ನನ್ನ ಯಜಮಾನರು ಧಾರವಾಡದವರು, ನಾನು ಮೈಸೂರಿನವಳು. ಯೂನಿಯನ್ ಸಿಟಿಯ ಮನೆಗೆ ಯಾರಾದರೂ ಊಟಕ್ಕೆ ಬಂದರೆ ಸಾಕು, ಯಜಮಾನರ ಬಾಯಲ್ಲಿ ಒಂದು ಮಾತು ಸಿದ್ಧವಾಗಿರುತ್ತಿತ್ತು. "ಈಕಿ ಕೈಯಾಗ ಸಿಕ್ಕರ ಅವಳಿ ಜವಳಿ ಹುಡುಗುರನ್ನೂ ಒಂದ ಮಾಡಿಬಿಡ್ತಾಳ, ಹುಷಾರಿರ್ರಿ." ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ರಿಟೈರ್ ಆದ ಮೊದಲ ವರ್ಷವೇ ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಯೋಗ ಕ್ಲಾಸು, ತೋಟ, ಮಗಳ ಮನೆ, ಯಾವುದಕ್ಕೂ ಮನಸ್ಸು ನಿಲ್ಲಲಿಲ್ಲ. ಹಳೆಯ ಆಫೀಸಿನ ಹತ್ತಿರದ ಲೈಬ್ರರಿಗೆ ಅಭ್ಯಾಸಬಲದಿಂದ ಹೋಗುತ್ತಿದ್ದೆ. ಅಲ್ಲಿ ಒಂದು ದಿನ ಗೋಡೆಗೆ ಅಂಟಿಸಿದ್ದ ಕಾಗದ ನೋಡಿದೆ. ಹಳೆಯ ಪಟ್ಟಿಗಳನ್ನು ಕಂಪ್ಯೂಟರಿಗೆ ಏರಿಸಲು ತಾಳ್ಮೆ ಇರುವವರು ಬೇಕು ಎಂದಿತ್ತು. ತಾಳ್ಮೆ ನನ್ನ ಗುಣವಲ್ಲ, ಪಟ್ಟಿ ಮಾತ್ರ ನನ್ನದೇ. ಅಲ್ಲಿಯೇ ಇದ್ದ ಫೋನ್ ನಂಬರಿಗೆ ಕರೆ ಮಾಡಿದೆ.

ಅತ್ತ ಕಡೆ ಮಾತಾಡಿದವರು ರಿಟೈರ್ ಆದ ಸ್ಕೂಲ್ ಟೀಚರು. ಯಹೂದಿ ಮನೆತನದವರು. ಅವರೂ ಅವರ ನಾಲ್ಕೈದು ಜನ ಸಂಗಾತಿಗಳೂ ಸೇರಿ ವರ್ಷಕ್ಕೊಮ್ಮೆ ಲೈಬ್ರರಿಯ ಹಾಲಿನಲ್ಲಿ ಒಂದು ಮಧ್ಯಾಹ್ನ ಕೂಡುತ್ತಾರೆ. ನಾಜಿಗಳ ಕಾಲದಲ್ಲಿ ಯುರೋಪಿನ ಯಾವುದಾದರೊಂದು ಊರಿನಿಂದ ರೈಲಿಗೆ ತುಂಬಿ ಸಾಗಿಸಿದವರ ಹೆಸರುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದುತ್ತಾರೆ. ಭಾಷಣವಿಲ್ಲ, ಸಂಗೀತವಿಲ್ಲ, ಹೆಸರು ಅಷ್ಟೇ. ಆ ವರ್ಷ ಒಂದು ಸಣ್ಣ ಊರಿನ ಸರದಿ. ಅದರ ಹಾಳೆಗಳ ಪ್ರತಿ ಆಗಷ್ಟೇ ಅವರ ಕೈಗೆ ಸಿಕ್ಕಿತ್ತು, ಅವುಗಳಿಂದ ಓದಲು ಬರುವಂಥ ಒಂದು ಶುದ್ಧ ಪಟ್ಟಿ ಬೇಕಾಗಿತ್ತು. "ನಿಮಗೆ ಇದು ಕಷ್ಟ ಆಗಲ್ಲ ತಾನೆ?" ಎಂದು ಕೇಳಿದರು. ಮನಸ್ಸಿಗೆ ಕಷ್ಟವಾಗುವುದಿಲ್ಲವೆ ಎಂಬುದು ಅವರ ಅರ್ಥ. ನಾನು ಕೆಲಸದ ಕಷ್ಟ ಎಂದುಕೊಂಡು, ಇದಕ್ಕಿಂತ ನೂರು ಪಾಲು ದೊಡ್ಡ ಪಟ್ಟಿ ಮಾಡಿದ್ದೇನೆ ಎಂದು ಕೊಚ್ಚಿಕೊಂಡೆ.

ಹಾಳೆಗಳನ್ನು ಮೊದಲ ಸಲ ತೆರೆದಾಗ ನನಗೆ ಅಳು ಬರಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ ಅದೇ. ಮೊದಲು ಅನ್ನಿಸಿದ್ದು, ಎಷ್ಟು ಅಚ್ಚುಕಟ್ಟಾಗಿದೆ ಎಂದು. ಕ್ರಮಸಂಖ್ಯೆ, ಮನೆತನದ ಹೆಸರು, ಕರೆಯುವ ಹೆಸರು, ಹುಟ್ಟಿದ ವರ್ಷ, ಕಸುಬು, ಬೀದಿ. ಅಂಚು ಸರಿಯಾಗಿ ಬಿಟ್ಟು, ಒಂದರ ಕೆಳಗೊಂದು ನೇರವಾಗಿ ಟೈಪು ಮಾಡಿದ್ದರು. ತಪ್ಪಿದ ಕಡೆ ಅಕ್ಷರದ ಮೇಲೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಿದ್ದಿದ್ದರು. ನನ್ನ ಕೈಕೆಳಗಿನ ಹುಡುಗರಿಗೆ ಹೀಗೆ ಕೆಲಸ ಮಾಡಿ ಎಂದು ತೋರಿಸಬಹುದಾಗಿದ್ದಂಥ ಹಾಳೆ. ಆಮೇಲೆ ಕಸುಬಿನ ಸಾಲನ್ನು ಓದುತ್ತಾ ಹೋದೆ. ದರ್ಜಿ, ಗಡಿಯಾರ ರಿಪೇರಿ, ಗೃಹಿಣಿ, ಗೃಹಿಣಿ, ವಿದ್ಯಾರ್ಥಿ. ಅದಾದ ಮೇಲೆ ಏನೂ ಬರೆಯದೆ ಖಾಲಿ ಬಿಟ್ಟ ಸಾಲುಗಳು. ಹುಟ್ಟಿದ ವರ್ಷ ನೋಡಿದರೆ ಅವೆಲ್ಲ ಎರಡು ವರ್ಷದ, ಮೂರು ವರ್ಷದ ಮಕ್ಕಳು. ಲ್ಯಾಪ್‌ಟಾಪು ಮುಚ್ಚಿ ಎದ್ದುಹೋಗಿ ಹಿತ್ತಲ ಬಾಗಿಲಲ್ಲಿ ನಿಂತೆ. ಈ ಹಾಳೆ ಟೈಪು ಮಾಡಿದವರೂ ಸಂಜೆ ಮನೆಗೆ ಹೋಗಿ ಇವತ್ತು ಕೆಲಸ ಚೆನ್ನಾಗಾಯಿತು ಅಂದುಕೊಂಡಿರಬಹುದು. ಆ ಯೋಚನೆ ಬಂದು ಮೈ ಉರಿಯಿತು.

ಕೊನೆಯ ಹಾಳೆಗಳು ಬೇರೆ ಥರ ಇದ್ದವು. ಅವು ರೋಮಾ ಜನರವು. ಊರಿನ ಅಂಚಿನಲ್ಲಿ ಬಂಡಿಗಳಲ್ಲಿಯೂ ಗುಡಿಸಲುಗಳಲ್ಲಿಯೂ ಇದ್ದವರನ್ನು ಯಹೂದಿಗಳಂತೆಯೇ ಹಿಡಿದು ರೈಲಿಗೆ ತುಂಬಿದ್ದರು. ಅವರ ಪಟ್ಟಿ ಮಾಡುವಾಗ ಮಾತ್ರ ಆ ಅಚ್ಚುಕಟ್ಟು ಇರಲಿಲ್ಲ. ಬೀದಿ ಎಂಬಲ್ಲಿ ಏನೂ ಇಲ್ಲ. ಕಸುಬು ಎಂಬಲ್ಲಿ ಬುಟ್ಟಿ ಹೆಣೆಯುವವ, ವಾದ್ಯ ಬಾರಿಸುವವ ಎಂದು ಒಂದೆರಡು, ಉಳಿದದ್ದೆಲ್ಲ ಖಾಲಿ. ಅದೇ ಹೆಸರುಗಳು ಮತ್ತೆ ಮತ್ತೆ.

ಆ ವಾರ ಸರಟೋಗಾದಲ್ಲಿ ಕನ್ನಡದವರೊಬ್ಬರ ಮನೆಯಲ್ಲಿ ಯುಗಾದಿ ಊಟವಿತ್ತು. ನಾನು ಈ ಕೆಲಸ ಹಿಡಿದಿದ್ದೇನೆ ಎಂದಾಗ ಒಬ್ಬ ಡಾಕ್ಟರು ಹೋಳಿಗೆ ತಟ್ಟೆ ಹಿಡಿದುಕೊಂಡೇ ಹೇಳಿದರು, "ರೋಮಾ ಅಂದ್ರೆ ನಮ್ಮವರೇ ಅಲ್ವಾ ಮೇಡಂ? ಸಾವಿರ ವರ್ಷದ ಹಿಂದೆ ಇಂಡಿಯಾದಿಂದಲೇ ಹೋದವರು. ಪ್ರೂವ್ ಆಗಿದೆ."

"ಹಾಗಾದ್ರೆ ನಮ್ಮವರ ಹಾಳೆ ಎಂಟಿವೆ. ನಾಲ್ಕು ನೀವು ಟೈಪ್ ಮಾಡ್ಕೊಡಿ," ಎಂದೆ. ಅವರು ನಕ್ಕು ಪಲ್ಯದ ಕಡೆ ಹೋದರು. ನನ್ನ ಬಾಯಿ ಹೀಗೆಯೇ, ಯಜಮಾನರು ಮೊಣಕೈಯಲ್ಲಿ ತಿವಿದರು.

ಟೈಪಿಂಗು ಮುಗಿಯಲು ಒಂದೂವರೆ ತಿಂಗಳಾಯಿತು. ಕೆಲವು ಹಾಳೆಗಳು ಎರಡು ಪ್ರತಿ ಇದ್ದವು, ಮಸಿಕಾಗದ ಇಟ್ಟು ತೆಗೆದವು. ಒಬ್ಬರೇ ಎರಡು ಪಟ್ಟಿಯಲ್ಲಿ ಸೇರಿದ್ದೂ ಇತ್ತು. ಲೈಬ್ರರಿಯ ಹಾಲ್ ಸಿಗುವುದು ಮೂರೇ ಗಂಟೆ, ಯಾರ ಹೆಸರನ್ನೂ ಎರಡು ಸಲ ಓದುವಂತಾಗಬಾರದು ಎಂದು ಟೀಚರು ಹೇಳಿದ್ದರು. ನಾನು ಕಾಯುತ್ತಿದ್ದದ್ದೇ ಈ ಮಾತಿಗೆ. ಆಫೀಸಿನಲ್ಲಿ ಬರೆಯುತ್ತಿದ್ದಂಥದ್ದೇ ಪ್ರೋಗ್ರಾಮನ್ನು ಒಂದು ಸಂಜೆಯಲ್ಲಿ ಬರೆದೆ. ಹೆಸರು ಒಂದೇ, ಹುಟ್ಟಿದ ವರ್ಷ ಒಂದೇ, ಊರು ಒಂದೇ ಆಗಿದ್ದರೆ ಒಬ್ಬರೇ ಎಂದು ಲೆಕ್ಕ. ಬೀದಿಯನ್ನು ನೋಡಬೇಕಾಗಿಲ್ಲ, ಜನ ಮನೆ ಬದಲಾಯಿಸುತ್ತಿರುತ್ತಾರೆ. ಎರಡು ಸಾಲು ಒಂದರ ಕೆಳಗೊಂದೇ ಇದ್ದರಂತೂ ಟೈಪು ಮಾಡಿದವರ ಕೈತಪ್ಪು, ಅನುಮಾನವೇ ಇಲ್ಲ. ಇದೆಲ್ಲ ಮೂವತ್ತು ವರ್ಷದ ಅನುಭವ ಕಲಿಸಿದ ನಿಯಮಗಳು. ಪ್ರೋಗ್ರಾಮು ಓಡಿತು, ಪಟ್ಟಿ ಇಳಿಯಿತು. ಓದುವವರಿಗೆ ಅನುಕೂಲವಾಗಲೆಂದು ಯಹೂದಿಗಳದ್ದನ್ನೂ ರೋಮಾ ಜನರದ್ದನ್ನೂ ಬೇರೆ ಬೇರೆಯಾಗಿ ಅಕ್ಷರಾನುಕ್ರಮದಲ್ಲಿ ಜೋಡಿಸಿ, ದೊಡ್ಡ ಅಕ್ಷರದಲ್ಲಿ ಪ್ರಿಂಟು ತೆಗೆದು ಕೊಟ್ಟೆ. ಟೀಚರು ತಬ್ಬಿಕೊಂಡರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಓದುವ ದಿನಕ್ಕೆ ಒಂದು ವಾರ ಮೊದಲು ಲೈಬ್ರರಿಯಲ್ಲಿ ಒಬ್ಬ ಮುದುಕಿಯನ್ನು ನನಗೆ ಪರಿಚಯ ಮಾಡಿಸಿದರು. ಆ ಊರಿನಲ್ಲಿ ಹುಟ್ಟಿದವರು. ತೊಂಬತ್ತರ ಹತ್ತಿರ ಹತ್ತಿರ. ಎಲ್ ಕಮೀನೋ ರಸ್ತೆ ಪಕ್ಕದ ಹಿರಿಯರ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದರು, ಗಾಲಿ ಇರುವ ವಾಕರು ತಳ್ಳಿಕೊಂಡು ಓಡಾಡುತ್ತಿದ್ದರು. ನನಗೇ ಅರವತ್ತಾರು, ಆದರೂ ಮನೆಗೆ ಬಂದು ಯಜಮಾನರಿಗೆ ಹೇಳುವಾಗ ಬಾಯಿಗೆ ಬಂದದ್ದು ಅಜ್ಜಿ ಎಂದೇ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನಾನು ಬರೆಯುತ್ತಿರುವುದು ಅದು ನನ್ನ ಮನಸ್ಸಿನಲ್ಲಿ ಉಳಿದ ಹಾಗೆ.

ಐದು ವರ್ಷದವರಿದ್ದಾಗ ಅವರ ತಾಯಿ ಅವರನ್ನು ಊರಾಚೆಯ ಒಬ್ಬ ಅಗಸಗಿತ್ತಿಯ ಮನೆಯಲ್ಲಿ ಬಿಟ್ಟುಹೋಗಿದ್ದರಂತೆ. ಆಕೆ ಇವರನ್ನು ತನ್ನ ಮೊಮ್ಮಗಳು ಎಂದು ಹೇಳಿ ಯುದ್ಧ ಮುಗಿಯುವವರೆಗೆ ಸಾಕಿದರು. ತಂದೆತಾಯಿಯನ್ನು ಒಂದು ದಿನ ಒಯ್ದರು. ಅಣ್ಣನನ್ನು ಮಾತ್ರ ಬೇರೆ ದಿನ, ಇಟ್ಟಿಗೆ ಭಟ್ಟಿಯಲ್ಲಿ ಬಿಟ್ಟಿ ದುಡಿಸುತ್ತಿದ್ದಲ್ಲಿಂದಲೇ ಒಯ್ದರು. ಅವನಿಗೆ ಆಗ ಹದಿನಾಲ್ಕು. ಯುದ್ಧವಾದ ಮೇಲೆ ಯಾವುದೋ ಕಚೇರಿಯಿಂದ ಒಂದು ಕಾಗದ ಬಂದಿತ್ತು, ವಿಚಾರಿಸಿದವರ ಹೆಸರುಗಳು ಪಟ್ಟಿಯಲ್ಲಿವೆ ಎಂದು. ಅಷ್ಟೇ. ಆ ಹಾಳೆಯನ್ನು ತರಿಸಿ ನೋಡುವ ಧೈರ್ಯ ಅವರಿಗೆ ಇಷ್ಟು ವರ್ಷದಲ್ಲೂ ಬಂದಿರಲಿಲ್ಲ.

"ನೋಡೋದು ನನ್ನ ಕೈಲಾಗಲ್ಲ. ಆದರೆ ಯಾರಾದರೂ ಗಟ್ಟಿಯಾಗಿ ಹೇಳೋದನ್ನ ಕೇಳ್ಬೇಕು. ಮನೆಯಲ್ಲಿ ಬಿಟ್ಟು ಹೊರಗೆ ಯಾರೂ ಅವನ ಹೆಸರು ಹೇಳಿದ್ದನ್ನ ನಾನು ಕೇಳಿಲ್ಲ," ಎಂದರು. ಆಮೇಲೆ ಅಣ್ಣನ ಹೆಸರು ಹೇಳಿ ಕೇಳಿದರು, "ನಿಮ್ಮ ಪಟ್ಟಿಯಲ್ಲಿ ಇದ್ದಾನಾ?"

ನಾನು ಫೋನಿನಲ್ಲಿಯೇ ಪಟ್ಟಿ ತೆರೆದು ಹುಡುಕಿದೆ. ಸಿಕ್ಕಿತು. "ಇದ್ದಾರೆ, ನಾನೇ ನೋಡಿದೀನಿ," ಎಂದೆ. ಅಜ್ಜಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಆ ಕೈ ತಣ್ಣಗಿತ್ತು.

ಓದುವ ದಿನ ಭಾನುವಾರ. ನಾನೂ ಯಜಮಾನರೂ ಕೊಲ್ಲಿಯ ಸೇತುವೆ ದಾಟಿ ಬೇಗ ಹೋದೆವು. ಉಚ್ಚಾರದ ಭಯದಿಂದ ನಾನು ಓದುವುದಿಲ್ಲ ಎಂದಿದ್ದೆ. ಹಿಂದಿನ ಸಾಲಿನಲ್ಲಿ ಪಟ್ಟಿ ಹಿಡಿದು ಕೂತು ಓದಿದ ಹೆಸರುಗಳ ಮುಂದೆ ಗುರುತು ಹಾಕುತ್ತಿದ್ದೆ. ಒಬ್ಬರು ಎದ್ದು ಬಂದು ಮೈಕಿನ ಮುಂದೆ ಒಂದು ಪುಟ ಓದುವುದು, ಇಳಿಯುವುದು, ಇನ್ನೊಬ್ಬರು ಬರುವುದು. ಅಜ್ಜಿ ಮುಂದಿನ ಸಾಲಿನಲ್ಲಿದ್ದರು. ಅವರ ಅಣ್ಣನ ಹೆಸರು ಬಂದಾಗ ನಾನು ಕತ್ತು ಚಾಚಿ ನೋಡಿದೆ. ಅವರ ತಲೆ ಮಿಸುಕಲಿಲ್ಲ. ಓದುತ್ತಿದ್ದವರು ಮುಂದಿನ ಹೆಸರಿಗೆ ಹೋದರು.

ತಮ್ಮವರ ಹೆಸರು ಕೇಳಿದ ಮೇಲೆ ಜನ ಸದ್ದಿಲ್ಲದೆ ಎದ್ದು ಹೋಗುವುದು ಅಲ್ಲಿ ಸಾಮಾನ್ಯ. ರೋಮಾ ಹಾಳೆಗಳು ಕೊನೆಯಲ್ಲಿದ್ದವು, ಅಷ್ಟು ಹೊತ್ತಿಗೆ ಹಾಲ್ ಮುಕ್ಕಾಲು ಖಾಲಿ. ಅಜ್ಜಿ ಮಾತ್ರ ಎದ್ದಿರಲಿಲ್ಲ. ಕೊನೆಯ ಹೆಸರಿನವರೆಗೂ ಕಿವಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಎಷ್ಟು ದೊಡ್ಡ ಮನಸ್ಸು, ತಮ್ಮವರಲ್ಲದವರ ಹೆಸರನ್ನೂ ಹೀಗೆ ಕೇಳುತ್ತಿದ್ದಾರಲ್ಲ ಎಂದುಕೊಂಡೆ. ಮುಗಿದ ಮೇಲೆ ಹತ್ತಿರ ಹೋದೆ.

"ಎರಡನೆಯದು ಎಲ್ಲಿ?" ಎಂದರು.

ನನಗೆ ಅರ್ಥವಾಗಲಿಲ್ಲ.

"ಆ ಹೆಸರು ಎರಡು ಸಲ ಬರಬೇಕಿತ್ತು. ನನ್ನ ಅಣ್ಣನಿಗೆ ಒಂದು, ನಮ್ಮ ಚಿಕ್ಕಪ್ಪನ ಮಗನಿಗೆ ಒಂದು. ಇಬ್ಬರೂ ಒಂದೇ ವರ್ಷ ಹುಟ್ಟಿದ್ದು. ಅದಕ್ಕೆ ಸ್ವಲ್ಪ ಮುಂಚೆ ತಾತ ತೀರ್ಕೊಂಡಿದ್ರು, ಇಬ್ಬರಿಗೂ ತಾತನ ಹೆಸರೇ ಇಟ್ಟರು. ಒಂದೇ ಸಲ ಬಂತು. ಎಲ್ಲೋ ಮುಂದೆ ಬರುತ್ತೇನೋ ಅಂತ ಕೊನೇವರೆಗೂ ಕಾದೆ." ಆಮೇಲೆ ಕೇಳಿದರು. "ಓದಿದ್ದು ಇಬ್ಬರಲ್ಲಿ ಯಾರದ್ದು?"

ಆಫೀಸಿನಲ್ಲಿ ತಪ್ಪು ಸಿಕ್ಕಿದಾಗಲೆಲ್ಲ ನನ್ನ ಬಾಯಿ ಮುಂದಾಗುತ್ತಿತ್ತು. ಅದು ಹೀಗಾಯಿತು, ಇದು ಹಾಗಾಯಿತು ಎಂದು ಸಮಜಾಯಿಷಿ ತಾನಾಗಿ ಹೊರಡುತ್ತಿತ್ತು. ಅವತ್ತು ಸಮಜಾಯಿಷಿ ಹೇಳಲಿಲ್ಲ. "ನೋಡಿ ಹೇಳ್ತೀನಿ," ಎಂದೆ.

"ಬೇಗ ನೋಡಿ. ನನ್ನ ವಯಸ್ಸು ನಿಮಗೆ ಗೊತ್ತು," ಎಂದು ಅಜ್ಜಿ ವಾಕರು ತಿರುಗಿಸಿಕೊಂಡು ಹೊರಟರು.

ಸೇತುವೆಯ ಮೇಲೆ ಕಾರಿನಲ್ಲಿ ನಾನು ಯಜಮಾನರಿಗೆ ನಡೆದದ್ದನ್ನು ಹೇಳಿದೆ. ಒಂದೇ ಊರಿನಲ್ಲಿ, ಒಂದೇ ವರ್ಷ, ಒಂದೇ ಮನೆತನದಲ್ಲಿ, ಒಂದೇ ಹೆಸರಿನವರು ಇಬ್ಬರಿರುತ್ತಾರೆ ಎಂದು ಯಾರಿಗೆ ಗೊತ್ತಾಗಬೇಕು ಎಂದು ಗೊಣಗಿದೆ. ಕಾರು ಓಡಿಸುತ್ತಿದ್ದವರು ಅವರು.

"ಅಲ್ಲ, ನಮ್ಮ ಮನ್ಯಾಗ ನಾವು ಮೂರು ಮಂದಿ ಇಲ್ಲೇನು?" ಎಂದರು. "ನಾ, ಆ ಗದಗಿನಾಂವ, ಮತ್ತ ಆ ಉದ್ದನೆ ಆಸಾಮಿ. ಮೂರೂ ಮಂದಿಗೆ ಅಜ್ಜನ ಹೆಸರ ಇಟ್ಟಾರ. ಸಾಲ್ಯಾಗ ಹಾಜರಿ ತಗೊಳ್ಳೋ ಮುಂದ ಮಾಸ್ತರು ಮೂರು ಸಲ ಅದ ಹೆಸರು ಕರೀತಿದ್ರು. ನಾವು ಒಬ್ಬರ ಹಿಂದ ಒಬ್ಬರು ಹಾಜರ್ ಸರ್ ಅಂತಿದ್ವಿ. ಒಂದ ಸಲ ಕರದು ಬಿಟ್ಟಿದ್ರ ಇಬ್ಬರು ಗೈರುಹಾಜರಿ ಆಗ್ತಿದ್ವಿ."

ಮದುವೆಯಾಗಿ ಬಂದ ಹೊಸದರಲ್ಲಿ ಆ ಮೂವರನ್ನು ಬಿಡಿಸಿಕೊಳ್ಳಲು ನಾನೇ ಒದ್ದಾಡಿದ್ದೆ. ಫೋನು ಬಂದರೆ ಈಗಲೂ "ಯಾವ ಊರಿನವರು?" ಎಂದು ಕೇಳಿಯೇ ಮಾತು ಮುಂದುವರಿಸುತ್ತೇನೆ. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆಲ್ಲ ಇಡುವ ಮನೆಗೆ ಸೊಸೆಯಾಗಿ ಬಂದು ನಲವತ್ತು ವರ್ಷವಾಗಿತ್ತು. ಆ ಟೀಚರಮ್ಮನಿಗೋ ಬೇರೆ ಯಾರಿಗೋ ಹೊಳೆಯದಿದ್ದರೆ ಕ್ಷಮಿಸಬಹುದು. ನನಗೆ ಹೊಳೆಯಬೇಕಿತ್ತು. ಕೆಲಸಕ್ಕೆ ಕೂತಾಗ ನಾನು ಮನೆಯಲ್ಲಿ ತಿಳಿದದ್ದನ್ನೆಲ್ಲ ಬಾಗಿಲಾಚೆ ಬಿಟ್ಟು ಕೂರುತ್ತಿದ್ದೆ, ಅದನ್ನೇ ಜಾಣತನ ಎಂದುಕೊಂಡಿದ್ದೆ.

ನನ್ನ ಪ್ರೋಗ್ರಾಮು ತೆಗೆದುಹಾಕಿದ ಸಾಲುಗಳನ್ನು ಅಳಿಸುವುದಿಲ್ಲ, ಬೇರೆ ಫೈಲಿನಲ್ಲಿ ಇಡುತ್ತದೆ. ಮನೆಗೆ ಬಂದು ಚಪ್ಪಲಿ ಬಿಟ್ಟವಳೇ ಅದನ್ನು ತೆರೆದೆ. ಆ ಹೆಸರು ಅಲ್ಲಿತ್ತು. ಅದೇ ಹೆಸರು, ಅದೇ ವರ್ಷ, ಬೀದಿ ಮಾತ್ರ ಬೇರೆ. ಆಮೇಲೆ ಮೂಲ ಹಾಳೆಯನ್ನು ತೆರೆದು ಎರಡು ಸಾಲನ್ನೂ ನೋಡಿದೆ. ಆ ಹಾಳೆಯ ಒಂದು ಪ್ರತಿ ತೆಗೆದು ಚೀಲದಲ್ಲಿಟ್ಟುಕೊಂಡೆ.

ಮಾರನೆಯ ಬೆಳಗ್ಗೆ ಫೋನು ಮಾಡಿ ಅಜ್ಜಿಯ ಅಪಾರ್ಟ್‌ಮೆಂಟಿಗೆ ಹೋದೆ. ಕಿಟಕಿ ಪಕ್ಕದ ಮೇಜಿನ ಮುಂದೆ ಕೂತಿದ್ದರು. ಚಹಾ ಕೇಳಿದರು, ಬೇಡ ಎಂದೆ. ಹಾಳೆಯ ಪ್ರತಿ ನನ್ನ ಚೀಲದಲ್ಲಿತ್ತು, ಹೊರಗೆ ತೆಗೆಯಲಿಲ್ಲ.

"ನಿಮ್ಮ ಮನೆ ಯಾವ ಬೀದಿಯಲ್ಲಿತ್ತು?" ಎಂದು ಕೇಳಿದೆ. ಹೇಳಿದರು. ನಾನು ಹೆದರಿದ್ದ ಬೀದಿಯೇ, ತೆಗೆದುಹಾಕಿದ ಸಾಲಿನಲ್ಲಿದ್ದದ್ದು.

"ಹಾಗಾದರೆ ನಿನ್ನೆ ಓದಿದ್ದು ನಿಮ್ಮ ಚಿಕ್ಕಪ್ಪನ ಮಗನ ಹೆಸರು," ಎಂದೆ. "ಬಿಟ್ಟುಹೋಗಿದ್ದು ನಿಮ್ಮ ಅಣ್ಣನದು. ತಪ್ಪು ಬೇರೆ ಯಾರದ್ದೂ ಅಲ್ಲ, ನನ್ನದು. ಎರಡು ಸಲ ಬಂದ ಹೆಸರನ್ನ ಒಂದು ಮಾಡೋಕೆ ಪ್ರೋಗ್ರಾಮ್ ಬರೆದಿದ್ದು ನಾನು. ಅಣ್ಣ ಪಟ್ಟಿಯಲ್ಲಿದ್ದಾರೆ ಅಂತ ನಿಮಗೆ ಮಾತು ಕೊಟ್ಟಿದ್ದೂ ನಾನೇ."

ಅವರು ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅಜ್ಜಿ ಕಿಟಕಿಯಾಚೆ ನೋಡುತ್ತಾ ಏನನ್ನೋ ತಮ್ಮಲ್ಲೇ ತೂಗಿ ನೋಡಿದರು.

"ಸರಿ, ಒಳ್ಳೇದೇ ಆಯ್ತು," ಎಂದರು. "ಅಣ್ಣನಿಗೆ ನಾನಿದ್ದೀನಿ. ಚಿಕ್ಕಪ್ಪನ ಮಗನಿಗೆ ಯಾರೂ ಇಲ್ಲ. ಅವನ ಮನೆಯವರು ಒಬ್ಬರೂ ಉಳೀಲಿಲ್ಲ. ಒಬ್ಬನ ಹೆಸರು ಮಾತ್ರ ಓದೋದಾದರೆ ಅವನದ್ದೇ ಆಗ್ಬೇಕಿತ್ತು."

ನನಗೆ ಅಳು ಬಂತು. ಹಾಳೆಗಳನ್ನು ಟೈಪು ಮಾಡುವಾಗ ಬಾರದ ಅಳು ಆ ಪರರ ಮನೆಯ ಕುರ್ಚಿಯಲ್ಲಿ ಕೂತು ಬಂತು. ಅಜ್ಜಿ ಟಿಶ್ಯೂ ಡಬ್ಬಿಯನ್ನು ನನ್ನ ಕಡೆ ತಳ್ಳಿದರು.

ಇನ್ನೊಂದು ವಿಷಯ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಕೊನೆಗೆ ಹೇಳಿದೆ. "ಹಾಳೆಯಲ್ಲಿ ಆ ಎರಡು ಸಾಲು ಒಂದರ ಕೆಳಗೊಂದೇ ಇವೆ. ಕ್ರಮಸಂಖ್ಯೆನೂ ಹಾಗೇ, ಒಂದಾದ ಮೇಲೆ ಒಂದು."

"ಅಂದರೆ?"

"ನನಗೆ ಖಂಡಿತ ಗೊತ್ತಿಲ್ಲ. ಅವರಿಬ್ಬರ ಬೀದಿ ಬೇರೆ. ಬೀದಿ ಪ್ರಕಾರ ಬರೆದಿದ್ದರೆ ದೂರ ದೂರ ಇರ್ತಿದ್ದರು. ಅಕ್ಷರದ ಪ್ರಕಾರನೂ ಬರೆದಿಲ್ಲ, ಆ ಹಾಳೆಯಲ್ಲಿ ಹೆಸರುಗಳು ಹೇಗೆ ಹೇಗೋ ಇವೆ. ನಿಂತ ಹಾಗೆ ಬರೆದುಕೊಂಡಿದ್ದಾರೆ ಅನ್ಸುತ್ತೆ. ಇಬ್ಬರೂ ಒಬ್ಬರ ಹಿಂದೆ ಒಬ್ಬರು ನಿಂತಿದ್ದಿರಬಹುದು."

ಅಜ್ಜಿ ಕೈ ಚಾಚಿದರು. ನಾನು ಚೀಲದಿಂದ ಹಾಳೆ ತೆಗೆದು ಕೊಟ್ಟೆ. ಮೇಜಿನ ಮೇಲಿದ್ದ ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಕೆಳಗಿಳಿದರು. ಸಿಕ್ಕಿದಾಗ ನಾನು ತೋರಿಸಬೇಕಾಗಲಿಲ್ಲ. ತೋರುಬೆರಳು, ನಡುಬೆರಳು ಎರಡನ್ನೂ ಸೇರಿಸಿ ಎರಡು ಸಾಲಿನ ಮೇಲಿಟ್ಟರು.

"ಚಿಕ್ಕಪ್ಪನ ಮಗ ಬಾಯಿಬಡುಕ. ಒಂದು ಕ್ಷಣ ಸುಮ್ಮನಿರ್ತಿರಲಿಲ್ಲ. ನಮ್ಮಣ್ಣ ಪುಕ್ಕಲ, ಕತ್ತಲೆ ಅಂದರೆ ಹೆದರಿಕೆ. ಎಲ್ಲರನ್ನೂ ಬಿಟ್ಟು ಅವನೊಬ್ಬನೇ ಆ ರೈಲಿನಲ್ಲಿ ಹೋದ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ." ಬೆರಳು ತೆಗೆಯದೆ ಹೇಳಿದರು, "ಇವನು ಜೊತೆಗಿದ್ದನಲ್ಲ. ದಾರಿಯುದ್ದಕ್ಕೂ ಮಾತಾಡ್ತಲೇ ಇದ್ದಿರ್ತಾನೆ."

ಎರಡು ಸಾಲು ಒಂದರ ಕೆಳಗೊಂದಿದ್ದರೆ ಕೈತಪ್ಪು, ಅನುಮಾನವೇ ಇಲ್ಲ ಎಂದು ನಿಯಮ ಬರೆದವಳು ನಾನು. ಆ ಇಬ್ಬರು ಹುಡುಗರು ಜೊತೆಗಿದ್ದರು ಎಂಬುದಕ್ಕೆ ಈ ಲೋಕದಲ್ಲಿದ್ದ ಗುರುತು ಅದೊಂದೇ. ನನ್ನ ಪ್ರೋಗ್ರಾಮು ಅದನ್ನೇ ಎಲ್ಲಕ್ಕಿಂತ ಮೊದಲು ಕಿತ್ತುಹಾಕಿತ್ತು.

ಹೊರಡುವಾಗ ಅಜ್ಜಿ ಬಾಗಿಲವರೆಗೆ ಬಂದು ಕೇಳಿದರು, "ಹೀಗೆ ಬೇರೆ ಯಾರನ್ನಾದರೂ ಬಿಟ್ಟಿದ್ದೀರಾ?"

"ನೋಡಬೇಕು."

"ನೋಡಿ," ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ಬಿಡುವ ಹಾಗೂ ಇರಲಿಲ್ಲ.

ಟೀಚರಿಗೆ ಎಲ್ಲ ಒಪ್ಪಿಸಿ, ತೆಗೆದುಹಾಕಿದ ಫೈಲನ್ನು ಮೊದಲಿನಿಂದ ಹಿಡಿದೆ. ಈ ಸಲ ಪ್ರೋಗ್ರಾಮು ಇಲ್ಲ, ನಿಯಮ ಇಲ್ಲ. ಒಂದೊಂದು ಜೋಡಿಗೂ ಮೂಲ ಹಾಳೆ ತೆರೆದು, ಬೀದಿ ನೋಡಿ, ಕಸುಬು ನೋಡಿ, ಯಾರ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿ ತೀರ್ಮಾನಿಸುವುದು. ಬಹಳಷ್ಟು ನಿಜವಾಗಿಯೂ ಎರಡೆರಡು ಸಲ ಬರೆದವೇ. ಕೆಲವು ಅಲ್ಲ. ಯಹೂದಿಗಳ ಹಾಳೆಯಲ್ಲಿ ಅನುಮಾನ ಬಂದರೆ ಕೇಳಲು ಯಾರಾದರೂ ಇರುತ್ತಿದ್ದರು. ಎಲ್ಲಿಯೋ ಒಬ್ಬ ಮೊಮ್ಮಗಳು, ಯಾವುದೋ ದೇಶದಲ್ಲಿ ಒಬ್ಬ ದೂರದ ನೆಂಟ. ಟೀಚರು ಇಮೇಲು ಬರೆದರೆ ಉತ್ತರ ಬರುತ್ತಿತ್ತು.

ರೋಮಾ ಹಾಳೆಗಳಿಗೆ ಬಂದಾಗ ಕೇಳಲು ಯಾರೂ ಇರಲಿಲ್ಲ. ಟೀಚರು ಎಲ್ಲೆಲ್ಲಿಗೋ ಬರೆದರು. ಉತ್ತರ ಬರಲಿಲ್ಲ. ಅಲ್ಲಿ ನನ್ನ ಪ್ರೋಗ್ರಾಮು ಒಬ್ಬ ಹೆಣ್ಣುಮಗುವನ್ನು ತೆಗೆದಿತ್ತು. ಮೂರು ವರ್ಷದ್ದು. ಅದೇ ಹೆಸರಿನ, ಅದೇ ವಯಸ್ಸಿನ ಇನ್ನೊಂದು ಮಗು ಅದೇ ಹಾಳೆಯಲ್ಲಿ ಹತ್ತು ಸಾಲು ಮೇಲಿತ್ತು. ಬೀದಿ ಇಲ್ಲ, ಕಸುಬು ಇಲ್ಲ. ಮೂರು ದಿನ ಆ ಹಾಳೆಯನ್ನೇ ನೋಡಿದೆ. ಯಜಮಾನರು ಕನ್ನಡಕ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತರು. ಅವರೇ ಕಂಡುಹಿಡಿದದ್ದು.

"ಇಲ್ಲಿ ನೋಡು. ಎಲ್ಲಾ ಕಡೆ ಮೊದಲ ತಾಯಿ, ಆಮ್ಯಾಲ ಮಕ್ಕಳು ದೊಡ್ಡಾಂವನಿಂದ ಸಣ್ಣವ್ರ ತನಕ. ಈ ಕೂಸು ಈ ತಾಯೀ ಕೆಳಗ ಕಡೀದು. ಆ ಕೂಸು ಆ ತಾಯೀ ಕೆಳಗ ಕಡೀದು. ಇಬ್ಬರು ತಾಯಂದ್ರು ಅದಾರ ಅಂದ್ರ ಕೂಸುಗಳೂ ಎರಡ."

ನಾನು ಮತ್ತೊಮ್ಮೆ ಮೇಲಿನಿಂದ ಕೆಳಗೆ ನೋಡಿದೆ. ಅವರು ಹೇಳಿದ್ದು ಸರಿ. ಓದುವ ದಿನ ಆ ಮಗುವಿನ ಹೆಸರಿಗಾಗಿ ಹಾಲ್‌ನಲ್ಲಿ ಯಾರೂ ಕಾದಿರಲಿಲ್ಲ. ಎರಡನೆಯದು ಎಲ್ಲಿ ಎಂದು ಯಾರೂ ನನ್ನನ್ನು ಕೇಳಲಿಲ್ಲ, ಕೇಳುವಂಥವರನ್ನೂ ಅದೇ ರೈಲಿನಲ್ಲಿ ಕಳಿಸಿದ್ದರು. ಅಜ್ಜಿಯ ಒಂದು ಪ್ರಶ್ನೆ ಇಲ್ಲದಿದ್ದರೆ ನಾನು ಬೆನ್ನು ತಟ್ಟಿಕೊಂಡೇ ಉಳಿದ ಆಯುಷ್ಯ ಕಳೆಯುತ್ತಿದ್ದೆ. ಈ ಮಾತು ಈಗಲೂ ನನ್ನನ್ನು ಕಾಡುತ್ತದೆ.

ಮರುವರ್ಷ ಅದೇ ಊರಿನ ಪಟ್ಟಿಯನ್ನು ಇನ್ನೊಮ್ಮೆ ಓದುವುದೆಂದು ಟೀಚರು ನಿರ್ಧರಿಸಿದರು. ಈ ಸಲ ಅಕ್ಷರಾನುಕ್ರಮ ಬೇಡ, ಹಾಳೆಯಲ್ಲಿ ಇದ್ದ ಹಾಗೆಯೇ ಓದೋಣ ಎಂದು ನಾನು ಕೇಳಿಕೊಂಡಿದ್ದೆ. ಅಜ್ಜಿ ಮುಂದಿನ ಸಾಲಿನಲ್ಲಿಯೇ ಇದ್ದರು. ಅವರ ಇಬ್ಬರು ಹುಡುಗರ ಹೆಸರು ಒಂದರ ಹಿಂದೊಂದು ಬಂತು. ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೂ ಎದ್ದುಹೋಗಲಿಲ್ಲ.

ಕೊನೆಯ ಹಾಳೆಗಳನ್ನು ನಾನೇ ಓದುತ್ತೇನೆ ಎಂದಿದ್ದೆ. ಒಂದು ತಿಂಗಳು ಉಚ್ಚಾರ ಅಭ್ಯಾಸ ಮಾಡಿದ್ದೆ. ಪಕ್ಕದಲ್ಲಿ ಆ ವರ್ಷ ಹೊಸದಾಗಿ ಸೇರಿದ ಒಬ್ಬ ಹೆಂಗಸು ಪುಟ ತಿರುವಿಕೊಡಲು ನಿಂತಿದ್ದರು. ಹಾಲ್ ಎಂದಿನಂತೆ ಮುಕ್ಕಾಲು ಖಾಲಿಯಾಗಿತ್ತು. ಮೊದಲ ತಾಯಿಯ ಹೆಸರು, ಅವಳ ಮಕ್ಕಳು, ಕೊನೆಯಲ್ಲಿ ಆ ಕೂಸು. ಎರಡನೆಯ ತಾಯಿ, ಅವಳ ಮಕ್ಕಳು, ಮತ್ತೆ ಅದೇ ಹೆಸರು.

ಪಕ್ಕದವರು ನನ್ನ ಕಡೆ ಬಾಗಿ, ಮೆಲ್ಲಗೆ, ನನ್ನ ಮರ್ಯಾದೆ ಕಾಯುವವರ ಹಾಗೆ ಹೇಳಿದರು, "ಇದನ್ನ ಆಗಲೇ ಓದಿದ್ರಿ. ಎರಡು ಸಲ ಬಂದಿದೆ."

"ಇಲ್ಲ," ಎಂದೆ. ಮೈಕು ಎದುರಿಗೇ ಇತ್ತು, ನನ್ನ ಮಾತು ಹಾಲ್‌ಗೆಲ್ಲ ಕೇಳಿಸಿತು. "ಇಬ್ಬರಿದ್ದರು."